ಪಾಮಣ್ಣನ ಗಡ್ಡದ ತಾಳೆ

ನಮ್ಮ ಬೀದಿಯ ತಿರುವಿನಲ್ಲಿ ಎರಡು ಕುರ್ಚಿಯ ಒಂದು ಕ್ಷೌರದ ಅಂಗಡಿಯಿದೆ. ಅದರ ಯಜಮಾನನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಯಾರ ನೆನಪಿನಲ್ಲೂ ಇಲ್ಲ. ಎಲ್ಲರ ಬಾಯಲ್ಲೂ ಅವನು ಪಾಮಣ್ಣ. ಹೊಸಬರು ಅದನ್ನು ಪಾಪಣ್ಣ ಎಂದು ಕೇಳಿಸಿಕೊಂಡು ಹಾಗೆಯೇ ಕರೆದರೆ ಅವನು ಕತ್ತರಿ ನಿಲ್ಲಿಸಿ, "ಪಾಪ ಅಲ್ಲ ಸ್ವಾಮಿ, ಪಾಮ್. ಇಂಗ್ಲಿಷಲ್ಲಿ ತಾಳೆ ಮರ" ಎಂದು ತಿದ್ದುತ್ತಾನೆ. ಅಲ್ಲಿಂದ ಮಾತು ಅವನ ಹಿತ್ತಿಲಿಗೆ ಹೋಗಲೇಬೇಕು. ತಲೆ ಅವನ ಕೈಯಲ್ಲಿರುವಾಗ ಬೇಡವೆನ್ನುವ ಧೈರ್ಯ ಯಾರಿಗಿದೆ?

ಈ ತಾಳೆಯ ಹುಚ್ಚು ಹಿಡಿದದ್ದು ಅವನಿಗೆ ಮೂವತ್ತು ದಾಟಿದ ಮೇಲೆ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಗಿರಾಕಿಯೊಬ್ಬ ಊರಿಗೆ ಬಂದಾಗಲೆಲ್ಲ ಇವನ ಕುರ್ಚಿಯಲ್ಲೇ ಕೂರುತ್ತಿದ್ದ. ಒಮ್ಮೆ ಅವನು ಒಂದು ಹಿಡಿ ಬೀಜವನ್ನೂ ಒಂದು ಫೋಟೋವನ್ನೂ ತಂದುಕೊಟ್ಟ. ಫೋಟೋದಲ್ಲಿ ಒಂದು ಗಿಡ್ಡ ತಾಳೆ ಮರ, ಬೀಸಣಿಗೆಯಂಥ ಎಲೆಗಳು, ಅವುಗಳ ಕೆಳಗೆ ಕಾಂಡದ ಉದ್ದಕ್ಕೂ ಮುದುಕನ ಗಡ್ಡದ ಹಾಗೆ ಇಳಿಬಿದ್ದ ನಾರು.

"ಯಾವುದೋ ದ್ವೀಪದ ತೋಟದಲ್ಲಿ ಬುಡದಿಂದ ಆರಿಸಿದ್ದು. ಬೆಳೆಯೋದು ಬಲು ನಿಧಾನವಂತೆ. ಗಡ್ಡ ಅಂದ್ರೆ ನಿನ್ನ ಕಸುಬು ತಾನೇ, ಇಟ್ಕೋ" ಎಂದ ಅಡುಗೆಯವನು.

ಬೀಜಗಳಲ್ಲಿ ಬದುಕಿದ್ದು ಎರಡು. ಎರಡೂ ನೋಡಲು ಒಂದೇ ಥರ, ಮೊದಲು ಹುಲ್ಲಿನ ಎಸಳಿನ ಹಾಗೆ ಒಂದೊಂದೇ ಎಲೆ. ಗಟ್ಟಿಮುಟ್ಟಾಗಿ ಕಂಡದ್ದನ್ನು ಪಾಮಣ್ಣ ತನ್ನ ಹಿತ್ತಿಲಲ್ಲಿ, ಅಡುಗೆಮನೆಯ ಗೋಡೆಯಾಚೆ, ಬಿಸಿಲು ಬೀಳುವ ಕಡೆ ನೆಟ್ಟ. ಸೊರಗಿದ್ದನ್ನು ಅಕ್ಕನಿಗೆ ಕೊಟ್ಟ. ಅಕ್ಕ ಊರಿನ ಇನ್ನೊಂದು ಕೊನೆಯಲ್ಲಿ ಒಂಟಿಯಾಗಿದ್ದಳು. ದೊಡ್ಡ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವವರ ಮೇಲ್ವಿಚಾರಕಿ. ಬಿಳಿ ಹಾಸಿಗೆಯ ಮೇಲೆ ಸಾಸಿವೆಯಷ್ಟು ಕಲೆ ಇದ್ದರೂ ಬಾಗಿಲಲ್ಲೇ ನಿಂತು ಕಂಡುಹಿಡಿಯುವ ಕಣ್ಣು ಅವಳದು.

ಆಮೇಲೆ ಕಾಯುವುದೇ ಕೆಲಸವಾಯಿತು. ವರ್ಷಕ್ಕೆ ಎರಡೋ ಮೂರೋ ಎಲೆ, ಅದೂ ಗಿಡಕ್ಕೆ ಮನಸ್ಸು ಬಂದರೆ. ನೀರು ನಿಂತರೆ ಬೇರು ಕೊಳೆಯುತ್ತದೆಂದು ತಿಳಿದುಕೊಂಡು ಪಾಮಣ್ಣ ಬುಡಕ್ಕೆ ಜಲ್ಲಿ, ಸುಣ್ಣಕಲ್ಲಿನ ಚೂರು ಸುರಿದ. ಕಂಡಕಂಡಲ್ಲಿಂದ ಬೇರೆ ತಾಳೆಗಳನ್ನೂ ತಂದ: ಬುಡ ಊದಿದ್ದು, ಎಲೆ ಮೂರು ದಿಕ್ಕಿಗೆ ಚಾಚಿದ್ದು, ಮೈಯೆಲ್ಲ ಮುಳ್ಳಿನದ್ದು. ಆದರೆ ಪಟ್ಟದ ಗಿಡ ಇದೊಂದೇ. ಅಂಗಡಿಗೆ ಬಂದವರು ಕುರ್ಚಿಗೆ ಬೆನ್ನು ಕೊಡುವ ಮೊದಲೇ ಕೇಳುವರು, "ಏನು ಪಾಮಣ್ಣ, ಗಡ್ಡ ಬಂತಾ?"

"ತಾಳೆ ಅಂದ್ಮೇಲೆ ತಾಳಬೇಕು" ಎಂದು ಅವನು ಬಿಳಿ ಬಟ್ಟೆ ಕೊಡವಿ ಗಿರಾಕಿಯ ಕುತ್ತಿಗೆಗೆ ಸುತ್ತುವನು.

ತಾಳಬೇಕಾದವಳು ಅವನ ಹೆಂಡತಿಯೂ ಹೌದು. ಆಕೆ ಆಸ್ಪತ್ರೆಯಲ್ಲಿ ನರ್ಸ್. ಅವರ ಅಡುಗೆಮನೆ ಎಷ್ಟು ಕಿರಿದೆಂದರೆ ಒಬ್ಬರು ಒಲೆಯ ಮುಂದಿದ್ದರೆ ಇನ್ನೊಬ್ಬರು ಅಡ್ಡ ತಿರುಗಿ ನುಸುಳಬೇಕು. ಗೋಡೆಯನ್ನು ಹಿತ್ತಿಲ ಕಡೆಗೆ ಸರಿಸೋಣವೆಂದು ಆಕೆ ಕೇಳಿದಾಗಲೆಲ್ಲ ಇವನದು ಒಂದೇ ಉತ್ತರ: "ಅಲ್ಲಿರೋದು ಅಂತಿಂಥ ಗಿಡ ಅಲ್ಲ ಕಣೇ. ಇಡೀ ಊರಲ್ಲಿ ನಮ್ಮಲ್ಲೊಂದು, ಅಕ್ಕನ ಮನೇಲೊಂದು. ಕಿತ್ತು ನೆಟ್ರೆ ಉಳಿಯಲ್ಲ."

ಹೀಗೆ ಹದಿಮೂರು ಹದಿನಾಲ್ಕು ವರ್ಷ ಕಳೆಯಿತು. ಗಿಡ ಸೊಂಟದೆತ್ತರ ಬಂತು, ಬುಡದಲ್ಲಿ ಕಂದು ಬಣ್ಣದ ನಾರೂ ಕಾಣಿಸಿತು. ಆದರೆ ಅದು ಇಳಿಬೀಳಲಿಲ್ಲ. ಗೋಣಿತಟ್ಟಿನ ಹಾಗೆ ಕಾಂಡಕ್ಕೆ ಬಿಗಿಯಾಗಿ ಸುತ್ತಿಕೊಂಡಿತು. ಪಾಮಣ್ಣ ಫೋಟೋ ನೋಡುವನು, ಗಿಡ ನೋಡುವನು. ಮನಸ್ಸಿಗೆ ಸಮಾಧಾನವಾಗಲಿಲ್ಲ. ಅಂಗಡಿಗೆ ರಜೆ ಇದ್ದ ದಿನ ಒಂದು ಎಲೆ, ಒಂದು ತುಂಡು ನಾರು ಕಾಗದದಲ್ಲಿ ಸುತ್ತಿಕೊಂಡು ಪಕ್ಕದ ಊರಿನ ಸಸ್ಯೋದ್ಯಾನಕ್ಕೆ ಬಸ್ಸು ಹತ್ತಿದ.

ಅಲ್ಲಿ ತಾಳೆಗಳನ್ನು ನೋಡಿಕೊಳ್ಳುವ ಮೇಡಂ ಅದನ್ನೇ ಓದಿ ಬಂದವರು, ಮಾತು ಕಡಿಮೆ. ಎಲೆಯನ್ನು ಮಗುಚಿ ಬೆಳಕಿಗೆ ಹಿಡಿದರು. ಅಡಿಭಾಗ ಬೆಳ್ಳಿಯ ತಗಡಿನಂತೆ ಹೊಳೆಯಿತು.

"ಮೇಲಿಂದ ನೋಡಿದ್ರೆ ಇವೆಲ್ಲ ಅಣ್ಣತಮ್ಮಂದಿರ ಹಾಗೆ. ಬುಡ ನೋಡಬೇಕು" ಎಂದರು. "ಈ ನಾರು ನೇಯ್ದ ಹಾಗಿದೆಯೋ, ಬಿಡಿಬಿಡಿ ಕೂದಲಿನ ಹಾಗಿದೆಯೋ? ನೀವೇ ಹೇಳಿ."

ಕೂದಲೆಂದರೇನೆಂದು ಪಾಮಣ್ಣನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ನಾರನ್ನು ಬೆರಳ ನಡುವೆ ಉಜ್ಜಿದ. "ನೇಯ್ದಿದ್ದು" ಎಂದ.

"ಹಾಗಾದ್ರೆ ಇದು ಬೆಳ್ಳಿ ತಾಳೆ. ಇದೂ ನಿಧಾನಿಯೇ, ಅಪರೂಪದ್ದೇ. ಗಡ್ಡ ಮಾತ್ರ ಬರಲ್ಲ. ಬೀಜ ಆರಿಸಿದ್ದು ಅಂದ್ರಲ್ಲ, ಆ ತೋಟದಲ್ಲಿ ಎರಡೂ ಜಾತಿ ಅಕ್ಕಪಕ್ಕ ಇದ್ದಿರಬೇಕು, ಬೀಜ ಬೆರೆತಿದೆ." ಆಮೇಲೆ ಅವರೇ ಅವನನ್ನು ತೋಟದಲ್ಲೆಲ್ಲ ಸುತ್ತಾಡಿಸಿ, ಎಲೆಯ ತೊಟ್ಟು ಬುಡದಲ್ಲಿ ಸೀಳಿದೆಯೇ ಇಲ್ಲವೇ, ಹಣ್ಣು ಬಿಳಿಯೋ ಕಪ್ಪೋ ಎಂದು ಒಂದೊಂದಾಗಿ ತೋರಿಸಿದರು. ಪಾಮಣ್ಣ ಇಡೀ ದಿನ ನೆಟ್ಟಗೆ ನಿಲ್ಲಲೇ ಇಲ್ಲ, ಮರದಿಂದ ಮರಕ್ಕೆ ಬಗ್ಗಿಯೇ ನಡೆದ.

ಅವನು ಸುಮ್ಮನಿದ್ದಿದ್ದರೆ ಊರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲು ಹೆಂಡತಿಗೆ ಹೇಳಿದ, "ಅದು ಗಡ್ಡದ ತಾಳೆ ಅಲ್ಲ. ನಾನು ಹೇಳಿದ್ದು ತಪ್ಪು. ಗೋಡೆ ಎಲ್ಲಿಗೆ ಬೇಕೋ ಅಲ್ಲಿಗೆ ಸರಿಸು."

ಆಕೆ ಪಾತ್ರೆ ತೊಳೆಯುತ್ತಿದ್ದಳು. ಕಿಟಕಿಯಾಚೆ ನೋಡಿದಳು. "ಈಗ ಹೇಳ್ತೀರಾ? ಗಾಳಿ ಬೀಸಿದ್ರೆ ಆ ಎಲೆ ಮಗುಚಿ ಬೆಳ್ಳಗೆ ಮಿಂಚುತ್ತೆ, ನೋಡಿದ್ದೀರಾ? ಆಸ್ಪತ್ರೆಯಿಂದ ಸೋತು ಬಂದ ದಿನ ನಾನು ಅದನ್ನೇ ನೋಡ್ತಾ ನಿಂತಿರ್ತೀನಿ. ಗಡ್ಡ ಯಾರಿಗೆ ಬೇಕಿತ್ತು?"

ಮರುವಾರ ಆಕೆಯೇ ಮೇಸ್ತ್ರಿಯನ್ನು ಕರೆಸಿದಳು. ಗೋಡೆ ಮುಂದಕ್ಕೆ ಹೋಯಿತು. ಗಿಡವಿದ್ದ ಕಡೆ ಮಾತ್ರ ಮೂಲೆ ಕತ್ತರಿಸಿದ ಹಾಗೆ ಓರೆಯಾಯಿತು. "ಇಂಥ ಸೊಟ್ಟ ಅಡುಗೆಮನೆ ನಾನು ಕಟ್ಟೇ ಇಲ್ಲಮ್ಮ" ಎಂದು ಮೇಸ್ತ್ರಿ ಗೊಣಗಿದ. "ಈಗ ಕಟ್ಟಿದ ಹಾಗಾಯ್ತಲ್ಲ" ಎಂದಳು ಆಕೆ.

ಅಂಗಡಿಯಲ್ಲೂ ಪಾಮಣ್ಣ ಮುಚ್ಚಿಡಲಿಲ್ಲ. ಅಂದು ನಾನೂ ಬೆಂಚಿನ ಮೇಲೆ ಕಾಯುತ್ತಿದ್ದೆ. ಕುರ್ಚಿಯಲ್ಲಿದ್ದ ಬಸ್ ಡ್ರೈವರ್ ಕನ್ನಡಿಯಲ್ಲೇ ಅವನನ್ನು ನೋಡಿ, "ಹಾಗಾದ್ರೆ ಇಷ್ಟು ವರ್ಷ ಬುರುಡೆ ಬಿಟ್ಟೆ ಅನ್ನು" ಎಂದು ನಕ್ಕ.

"ಬುರುಡೆ ಬಿಟ್ಟಿದ್ದಲ್ಲ, ತಪ್ಪು ತಿಳ್ಕೊಂಡಿದ್ದೆ. ಈಗ ನನ್ನ ಕೈಲಿರೋ ಬುರುಡೆ ನಿಂದೊಂದೇ, ಅಲ್ಲಾಡಬೇಡ" ಎಂದು ಪಾಮಣ್ಣ ಕಿವಿಯ ಹಿಂದೆ ಕತ್ತಿ ಇಳಿಸಿದ. ಬೆಂಚಿನವರೆಲ್ಲ ಗೊಳ್ಳೆಂದರು.

ಆದರೆ ಅವನ ತಲೆಯಲ್ಲಿ ಇನ್ನೊಂದು ಲೆಕ್ಕ ಓಡುತ್ತಿತ್ತು. ಬೀಜ ಬೆರೆತಿದ್ದು ನಿಜವಾದರೆ ಅಕ್ಕನ ಮನೆಯದು ಯಾವುದು? ಅಲ್ಲಿಗೆ ಅವನು ಆಗಾಗ ಹೋಗುತ್ತಿದ್ದ, ಜಗಲಿಯಲ್ಲಿ ಕೂತು ಚಹಾ ಕುಡಿದು ಬರುತ್ತಿದ್ದ. ಹಿಂದಿನ ಅಂಗಳದ ಗಿಡದ ಕಡೆ ದೂರದಿಂದ ಕಣ್ಣು ಹಾಯಿಸಿದ್ದೇ ಹೊರತು ಬಗ್ಗಿ ನೋಡಿರಲಿಲ್ಲ. ಈ ಸಲ ಹೋದವನೇ ನೇರವಾಗಿ ಹಿಂದಿನ ಅಂಗಳಕ್ಕೆ ನಡೆದ. ಬಟ್ಟೆ ಒಣಹಾಕುವ ಹಗ್ಗದ ಪಕ್ಕ ಗಿಡ ನಿಂತಿತ್ತು. ಎಲೆಯ ಅಡಿ ಬೆಳ್ಳಿಯಲ್ಲ, ಮಾಸಲು ಬೂದಿ. ಕಾಂಡ ಮಾತ್ರ ನುಣ್ಣಗೆ, ಈಗಷ್ಟೇ ಸೋಪು ಹಾಕಿ ಬೋಳಿಸಿದ ಗಲ್ಲದಂತಿತ್ತು.

ಅವನು ಜಗಲಿಗೆ ಬಂದು ಎಂದಿನ ಮಣೆಯ ದಿಂಬಿನ ಮೇಲೆ ಕುಸಿದ. "ಅಕ್ಕ, ಆ ಗಿಡದಲ್ಲಿ ನಾರೇ ಬರಲ್ವಾ?"

"ಬರಲ್ವಾ ಅಂತ ಕೇಳ್ತೀಯಲ್ಲೋ! ಸಿಕ್ಕುಸಿಕ್ಕಾಗಿ ಮೊಳದುದ್ದ ಬರುತ್ತೆ, ಅಸಹ್ಯ. ಒಗೆದ ಬಟ್ಟೆಗೆಲ್ಲ ಅಂಟುತ್ತೆ, ಇರುವೆ ಸೇರುತ್ತೆ. ಕಂಡಾಗೆಲ್ಲ ಕತ್ತರಿ ಹಾಕ್ತೀನಿ."

"ಕತ್ತರಿ ಹಾಕ್ತೀಯಾ? ಎಷ್ಟು ವರ್ಷದಿಂದ?"

"ಅದು ಬರೋಕೆ ಶುರುವಾದಾಗಿಂದ. ಯಾಕೋ ಮುಖ ಹಾಗೆ ಮಾಡ್ತೀಯಾ?"

"ಕತ್ತರಿಸಿದ್ದೆಲ್ಲ ಎಸೆದ್ಯಾ?"

"ಎಸೆಯೋದ್ಯಾಕೆ? ನೀನು ಕೂತಿದ್ದೀಯಲ್ಲ, ಆ ದಿಂಬಿಗೆ ತುಂಬಿದ್ದೀನಿ."

ಪಾಮಣ್ಣ ಎದ್ದು, ದಿಂಬನ್ನು ಎತ್ತಿ, ಹೊಲಿಗೆಯ ಒಂದು ಮೂಲೆ ಬಿಚ್ಚಿದ. ಒಳಗಿನಿಂದ ಬಿಡಿಬಿಡಿಯಾದ, ಉದ್ದನೆಯ, ಒಣಹುಲ್ಲಿನ ಬಣ್ಣದ ನಾರು ಅವನ ಅಂಗೈಗೆ ಇಳಿಯಿತು. ನೇಯ್ಗೆಯ ಸುಳಿವೂ ಇಲ್ಲ. ಅಪ್ಪಟ ಗಡ್ಡ. ಅವನು ನಗಲು ಶುರು ಮಾಡಿದವನು ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ.

"ಅಂಗಡಿ ಇಟ್ಟಿರೋದು ನಾನು, ಕ್ಷೌರ ಮಾಡಿದ್ದು ನೀನು!"

ವಿಷಯ ತಿಳಿದ ಮೇಲೂ ಅಕ್ಕ ಸುಲಭಕ್ಕೆ ಜಗ್ಗಲಿಲ್ಲ. ಅಪರೂಪದ್ದಾದರೇನು, ಕೊಳೆ ಕೊಳೆಯೇ ಎಂಬುದು ಅವಳ ವಾದ. ಗಿಡವನ್ನು ತನ್ನ ಮನೆಗೆ ಒಯ್ಯುವ ಮಾತು ಪಾಮಣ್ಣ ಎತ್ತಲೂ ಇಲ್ಲ. ಅದಕ್ಕೆ ಆ ನೆಲ, ಆ ಬಿಸಿಲು ಒಗ್ಗಿತ್ತು. ಕೊನೆಗೆ ಒಪ್ಪಂದವಾಯಿತು: ಬಟ್ಟೆಯ ಹಗ್ಗವನ್ನು ಆಚೆ ಗೋಡೆಗೆ ಕಟ್ಟುವುದು, ಅಕ್ಕ ಕತ್ತರಿ ಮುಟ್ಟಕೂಡದು, ಪ್ರತಿ ರಜೆಯ ದಿನ ತಮ್ಮ ಬಂದು ನಾರಿನಲ್ಲಿ ಸಿಕ್ಕಿದ ಕಸ, ಇರುವೆ ಎಲ್ಲ ಬಿಡಿಸಬೇಕು. ಅವನು ಹಲ್ಲು ಅಗಲವಿದ್ದ ಒಂದು ಹಳೆಯ ಬಾಚಣಿಗೆಯನ್ನು ಅದಕ್ಕೆಂದೇ ಎತ್ತಿಟ್ಟ.

ಗಡ್ಡ ಬಂತು. ಮೊದಲು ಕುರುಚಲಾಗಿ, ಆಮೇಲೆ ಗೇಣುದ್ದ, ಆಮೇಲೆ ಫೋಟೋದಲ್ಲಿ ಇದ್ದ ಹಾಗೆ ಜೋತುಬಿದ್ದು. ನೋಡಲು ಜನ ಬರತೊಡಗಿದರು. ಅಕ್ಕ ಕೆಲಸದಿಂದ ನಿವೃತ್ತಳಾದ ಮೇಲೆ ತಾನೇ ಮುಂದೆ ನಿಂತು, ಕೂದಲಿನಂಥ ನಾರಿಗೂ ನೇಯ್ದಂಥ ನಾರಿಗೂ ವ್ಯತ್ಯಾಸವೇನೆಂದು ಬಂದವರಿಗೆ ವಿವರಿಸುತ್ತಿದ್ದಳು. ತಮ್ಮನಿಗೆ ಬಾಯಿ ಹಾಕಲು ಎಡೆ ಕೊಡುತ್ತಿರಲಿಲ್ಲ.

ಮತ್ತೆ ಕೆಲವು ವರ್ಷಕ್ಕೆ ಹೂ ಬಿಟ್ಟು, ಕಪ್ಪು ಹಣ್ಣಾಯಿತು. ಅರವತ್ತರ ತಮ್ಮ, ಎಪ್ಪತ್ತರ ಹತ್ತಿರದ ಅಕ್ಕ ಇಬ್ಬರೂ ಕೂತು ಬೀಜ ತೊಳೆದು ಬಿತ್ತಿದರು. "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂದು ಪಕ್ಕದ ಮನೆಯವರು ಕೇಳಿದ್ದಕ್ಕೆ ಅಕ್ಕ, "ಬೀಜಕ್ಕೆ ನಮ್ಮ ವಯಸ್ಸು ಗೊತ್ತಿಲ್ಲ" ಎಂದಳಂತೆ.

ಹೋದ ವರ್ಷ ಅವುಗಳಲ್ಲಿ ಚೆನ್ನಾಗಿ ಚಿಗುರಿದ ಒಂದನ್ನು ಇಬ್ಬರೂ ಸಸ್ಯೋದ್ಯಾನಕ್ಕೆ ಒಯ್ದರು. ಅಲ್ಲಿದ್ದ ಒಂದೇ ಒಂದು ಗಡ್ಡದ ತಾಳೆ ಬಿರುಗಾಳಿಗೆ ಉರುಳಿತ್ತು. ಬಸ್ಸಿನಲ್ಲಿ ಕುಂಡ ಅಕ್ಕನ ಮಡಿಲಲ್ಲೇ ಇತ್ತು. ತಲೆ ನರೆತ ಮೇಡಂ ಬಿಸಿಲು ಬೀಳುವ ದಿಬ್ಬದ ಮೇಲೆ ಗುಂಡಿ ತೋಡಿಸಿದ್ದರು. ಪಾಮಣ್ಣ ಜಲ್ಲಿ ಹಾಕಿ ಗಿಡ ಇಳಿಸಿದ. ಅಕ್ಕ ಒಂದು ಚೊಂಬು ನೀರು ಹೊಯ್ದು, ನೀರು ನಿಲ್ಲದೆ ಇಂಗುವವರೆಗೂ ಬಗ್ಗಿ ನೋಡಿ, "ಹೂಂ, ಪರವಾಗಿಲ್ಲ" ಎಂದಳು. ಹಿಂತಿರುಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ಉಳಿದ ತಾಳೆಗಳನ್ನು ನೋಡಲು ಹೊರಟರು.