ಕಲಮ್ ಸಿಂಗನನ್ನು ಕೂರಿಸಿದ ಮನೆ

ಸತ್ತವರನ್ನು ಕರೆಯುವುದು ನಮ್ಮ ಮನೆತನದ ಕೆಲಸ. ಡಮರುವಿನಂಥ ಡೌರು ಬಡಿದು ಹೆಸರು ಹಿಡಿದು ಹಾಡಿದರೆ, ನೆಲೆ ಸಿಗದೆ ಅಲೆಯುವ ಜೀವ ಮನೆಯವರಲ್ಲಿ ಒಬ್ಬರ ಮೈಮೇಲೆ ಬರುತ್ತದೆ. ಅದರ ಅಳಲು ಕೇಳಿ, ಮೂಲೆಯಲ್ಲಿ ಒಂದು ಕಲ್ಲಿಟ್ಟು, 'ಇನ್ನು ಅಲೆಯಬೇಡ, ಇಲ್ಲೇ ಇರು' ಎಂದು ಕೂರಿಸಿ ಬರುತ್ತೇನೆ. ಹೆಣ ನೋಡಿದವರು ಇಲ್ಲದಿದ್ದರೆ ಕರೆಯಬೇಡ ಎಂದು ಅಪ್ಪ ಹೇಳಿಕೊಟ್ಟಿದ್ದ. ಆ ಮಾತನ್ನು ನಾನು ಮೀರಿದ್ದು ಒಮ್ಮೆ ಮಾತ್ರ, ಕಲಮ್ ಸಿಂಗನ ವಿಷಯದಲ್ಲಿ.

ಕಲಮ್ ಸಿಂಗ್ ನಮ್ಮೂರಿನವನೇ. ಗಂಗೋತ್ರಿಯಿಂದ ಮೇಲಕ್ಕೆ ಯಾತ್ರಿಕರ ಹೊರೆ ಹೊರುತ್ತಿದ್ದ. ತಪೋವನದಲ್ಲಿ ಯಾರೋ ಬಾಬಾ ಹಿಮದಲ್ಲಿ ಬರಿಮೈಯಲ್ಲಿ ಪದ್ಮಾಸನ ಹಾಕಿ ಕೂತದ್ದನ್ನು ಕಂಡು, ಹೊರೆ ಇಳಿಸಿ ತಾನೂ ಪಕ್ಕದಲ್ಲಿ ಕೂತನಂತೆ. ಅಲ್ಲಿಗೆ ಸಂಸಾರ ಕೆಟ್ಟಿತು. ಋಷಿಕೇಶಕ್ಕೆ ಹೋಗಿ ಆಸನ ಕಲಿತ. ಆಮೇಲೆ ಕೇದಾರ, ಬದರಿ, ಗಡಿಯಾಚೆ ಮುಕ್ತಿನಾಥ, ಹೀಗೆ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ. ಒಂದೊಂದು ಕ್ಷೇತ್ರದಲ್ಲಿ ಉಸಿರು ಒಂದೊಂದು ಬಗೆಯಲ್ಲಿ ನಿಲ್ಲುತ್ತದೆ ಎಂದು ನನಗೇ ಹೇಳುತ್ತಿದ್ದ. ಉಸಿರು ಕಟ್ಟುವುದನ್ನು ಕಲಿಯಲು ಬೆಟ್ಟ ಯಾಕೆ ಹತ್ತಬೇಕು, ಅವರಮ್ಮನ ಜೊತೆ ಒಂದು ದಿನ ಗದ್ದೆಯಲ್ಲಿ ಇದ್ದು ನೋಡಲಿ ಎಂದು ಹೆಂಡತಿ ಸತೇಶ್ವರಿ ಛೇಡಿಸುತ್ತಿದ್ದಳು. ಆದರೂ ದೀಪಾವಳಿಗೆ ಗುಡಿಗಳ ಬಾಗಿಲು ಮುಚ್ಚಿದ ಮೇಲೆ, ಮಗಳಿಗೆ ಪ್ರಸಾದದ ಪೊಟ್ಟಣ ಹಿಡಿದು ಮನೆಗೆ ಬಂದೇ ಬರುತ್ತಿದ್ದ.

ಒಂದು ವರ್ಷ ಬರಲಿಲ್ಲ. ಮರುವರ್ಷವೂ ಇಲ್ಲ. ಮೂರನೆಯ ಚಳಿಗಾಲದಲ್ಲಿ ಮಗಳು ಕೂತಲ್ಲಿ ನಿಂತಲ್ಲಿ ಮೂರ್ಛೆ ಹೋಗತೊಡಗಿದಳು. ಮಗ ಸತ್ತು ನೆಲೆಯಿಲ್ಲದೆ ಮನೆಯನ್ನು ಕಾಡುತ್ತಿದ್ದಾನೆ ಎಂದು ಕಲಮ್ ಸಿಂಗನ ತಾಯಿ ನನ್ನ ಕಾಲು ಹಿಡಿದಳು. ಆ ಮುದುಕಿಯ ಕಣ್ಣೀರಿಗೆ ಕರಗಿ ಮಾಘ ಮಾಸದಲ್ಲಿ ಡೌರು ಎತ್ತಿಕೊಂಡು ಹೋದೆ.

ಅವನು ಬಂದ. ಸತೇಶ್ವರಿಯ ಮೈಮೇಲೆ ಬಂದು ಥರಥರ ನಡುಗಿದ. ಎಲ್ಲಿದ್ದೀಯಪ್ಪಾ ಎಂದು ಕೇಳಿದೆ.

"ಚಳಿ, ದಿದಾ. ಕೂತಲ್ಲೇ ಇದೀನಿ. ಕಾಲು ಬಿಡಿಸೋಕೆ ಆಗ್ತಿಲ್ಲ."

ಅಣ್ಣನನ್ನು ದಿದಾ ಎನ್ನುವುದು ನಮ್ಮ ಕಡೆಯ ರೂಢಿ. ಅವನು ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ, ದನಿಯೂ ಅವನದೇ. ಮೂಲೆಯಲ್ಲಿ ಕಲ್ಲಿಟ್ಟು ಕೂರಿಸಿದೆ. ಮಗಳ ಮೂರ್ಛೆ ನಿಂತಿತು. ಸತೇಶ್ವರಿ ಮುತ್ತೈದೆತನದ ಮೂಗಿನ ನತ್ತು ತೆಗೆದಿಟ್ಟಳು. ದಿನವೂ ಒಲೆಯಿಂದ ಇಳಿದ ಮೊದಲ ರಾಗಿ ರೊಟ್ಟಿಯನ್ನು ಕಲ್ಲಿನ ಮುಂದೆ ಇಡುತ್ತಿದ್ದಳು.

ಮೂರು ವರ್ಷ ಕಳೆದು, ಒಂದು ಜ್ಯೇಷ್ಠ ಮಾಸದ ಬೆಳಿಗ್ಗೆ ಕಲಮ್ ಸಿಂಗ್ ಕಾವಿ ಉಟ್ಟು ಅಂಗಳಕ್ಕೆ ಬಂದ. ಒಳಗೆ ಕಾಲಿಡು ಎನ್ನುವ ಧೈರ್ಯ ಯಾರಿಗೂ ಬರದೆ ನನಗೆ ಹೇಳಿ ಕಳಿಸಿದರು. ಬದುಕಿದ್ದವನನ್ನು ಸತ್ತವನೆಂದು ಕೂರಿಸಿದ್ದೆನಲ್ಲ, ಊರಿನವರಿಗೆ ಹೇಗೆ ಮುಖ ತೋರಿಸಲಿ ಎಂದುಕೊಂಡೇ ಹೋದೆ. ಇಷ್ಟು ವರ್ಷ ಬಾರದ ಕಾರಣವನ್ನು ಅವನೇ ಹೇಳಿದ. ಮನೆಯ ಋಣ ಹರಿಯದೆ ಯೋಗ ಹಣ್ಣಾಗದು ಎಂದು ಋಷಿಕೇಶದ ಗುರು ಹೇಳಿದ್ದರಿಂದ, ಬದರಿಯಲ್ಲಿ ತನ್ನ ಪಿಂಡವನ್ನು ತಾನೇ ಇಟ್ಟುಕೊಂಡನಂತೆ. ಆಮೇಲೆ ಗುಹೆಯಲ್ಲಿ ಇದ್ದನಂತೆ.

"ಆ ಮಾಘದಲ್ಲಿ ಉಸಿರು ನಿಲ್ಲಿಸಿ ಕೂತಿದ್ದೆ, ದಿದಾ. ನಿಮ್ಮ ಡೌರು ಕೇಳಿಸ್ತು. ಎಲ್ಲಿದ್ದೀಯ ಅಂತ ಕೇಳಿದ್ರಿ, ಹೇಳ್ದೆ. ಆಮೇಲಿಂದ ಎಲ್ಲಿ ಕೂತ್ರೂ ಒಳಗೆ ಏನೂ ಇಲ್ಲ. ನಂದೇನಿತ್ತೋ ಅದು ಈ ಮನೇಲಿ ಉಳೀತು. ಅದರ ಜೊತೆ ಇರೋಕೆ ಬಂದೆ."

ಬಾಗಿಲ ಹಿಂದಿನಿಂದ ಸತೇಶ್ವರಿ ಹೊರಗೆ ಬಂದಳು. ಗಂಡನ ಮುಖ ನೋಡದೆ ನನಗೆ ಹೇಳಿದಳು.

"ಎಬ್ಬಿಸಿ, ಗುರುಜಿ. ಕಲ್ಲಲ್ಲಿರೋದನ್ನ ಇವ್ರಿಗೆ ಸೇರ್ಸಿ. ನಂಗೆ ಇವ್ರು ಬೇಕು."

ಕೂರಿಸಿದ್ದನ್ನು ಎಬ್ಬಿಸುವ ಹಾಡು ನಮ್ಮಲ್ಲಿಲ್ಲ. ಅವಳು ಅಂಗಲಾಚಿದ್ದಕ್ಕೆ ಅದೇ ರಾತ್ರಿ ಹಳೆಯ ಹಾಡನ್ನೇ ಹಾಡಿದೆ. ಕಲಮ್ ಸಿಂಗ್ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ, ತುಟಿ ಬಿಗಿದುಕೊಂಡು. ಸತೇಶ್ವರಿಯ ಮೈ ನಡುಗಿತು. ಬಾಯಿಂದ ಹೊರಟದ್ದು ಎದುರಿಗೆ ಕೂತವನ ದನಿ.

"ನಂಗಿಲ್ಲಿ ಬೆಚ್ಚಗಿದೆ. ಮೊದಲ್ನೇ ರೊಟ್ಟಿ ನಂಗೇ ಇಡ್ತಾಳೆ. ಇಷ್ಟು ದಿನ ಈ ಮನೇಲಿ ಇದ್ದೋನು ನಾನು. ಅವನ್ಯಾರು? ಕಳಿಸ್ಬಿಡಿ."

ಕಲಮ್ ಸಿಂಗ್ ಎದ್ದ. ಮಲಗಿದ್ದ ಮಗಳ ತಲೆ ಸವರಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದು ಹೋದ. ಹಟ ಹಿಡಿದ ಜೀವಗಳ ಜೊತೆ ಬೆಳಗಿನವರೆಗೂ ವಾದಿಸಿ ಗೆದ್ದವನು ನಾನು. ಅವತ್ತು ಡೌರು ಕೆಳಗಿಟ್ಟೆ. ನನಗೆ ಭಯವಾಗಿತ್ತು, ಅಷ್ಟೇ. ಮಾತಾಡಿದ್ದು ಕಲ್ಲಿನಲ್ಲಿದ್ದದ್ದೋ, ಆರು ವರ್ಷ ನುಂಗಿಕೊಂಡಿದ್ದ ಅವಳ ಸಿಟ್ಟೋ, ಇಂದಿಗೂ ತಿಳಿಯದು.

ಸ್ವಲ್ಪ ಹೊತ್ತಿಗೆ ಸತೇಶ್ವರಿ ಕಣ್ಣು ಬಿಟ್ಟಳು. ಮೈಮೇಲೆ ಬಂದಾಗ ಆಡಿದ ಮಾತು ಯಾರಿಗೂ ನೆನಪಿರುವುದಿಲ್ಲ. ಕೋಣೆಯನ್ನೆಲ್ಲ ಕಣ್ಣಾಡಿಸಿದಳು.

"ಅವ್ರೆಲ್ಲಿ, ಗುರುಜಿ? ಒಪ್ಪಿಕೊಳ್ತಾ ಅದು?"

ನಿನ್ನ ಬಾಯಿಂದ ಬಂದ ಮಾತೇ ಅವನನ್ನು ಓಡಿಸಿತು ಎಂದು ಹೇಗೆ ಹೇಳಲಿ? "ಒಪ್ಪಿಕೊಳ್ತು ತಾಯಿ," ಎಂದೆ. "ಅವನೇ ಇರಲ್ಲ ಅಂತ ಹೊರಟುಹೋದ."

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. "ಗೊತ್ತಿತ್ತು," ಎಂದು ಎದ್ದು ಒಳಗೆ ಹೋದಳು.