ಟ್ರಾಲಿಯ ಮೇಲಿನ ಪುಟ್ಟ ಮನೆ

ಮೊನ್ನೆ ಕಿಲ್ಬರ್ನ್‌ನ ಸರ್ವೋದಲ್ಲಿ, ಅಂದರೆ ಇಲ್ಲಿನವರ ಮಾತಿನ ಪೆಟ್ರೋಲ್ ಬಂಕಿನಲ್ಲಿ, ಪೆಟ್ರೋಲ್ ತುಂಬಿಕೊಂಡು ದುಡ್ಡು ಕೊಡಲು ಒಳಗೆ ಹೋದಾಗ, ಫ್ರಿಜ್‌ನಲ್ಲಿ ಕೆಂಪು ಸೋಡಾದ ಬಾಟಲಿ ಕಂಡಿತು. ನಾಲಿಗೆಗೆ ಬಣ್ಣ ಬಳಿಯುವ ಆ ಸಿಹಿ ನೀರನ್ನು ನಾನು ಎಂದೂ ಕುಡಿದವಳಲ್ಲ. ಆದರೂ ಕೊಂಡೆ, ಜೊತೆಗೊಂದು ಸ್ಟ್ರಾ ಕೇಳಿ ಪಡೆದೆ. ಅದು ಥಾಯ್ ಆಂಟಿಯ ಲೆಕ್ಕಕ್ಕೆ...

ಅವರ ಅಂಗಡಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ಮಳಿಗೆಗಳ ಸಾಲಿನ ಕೊನೆಯಲ್ಲಿತ್ತು. ಕುವೈತ್ ಬಿಟ್ಟು ಅಡಿಲೇಡ್‌ಗೆ ಬಂದ ಹೊಸತರಲ್ಲಿ ಒಣಮೀನು ಹುಡುಕಿಕೊಂಡು ಹೋಗಿದ್ದೆ. ಮಂಗಳೂರಿನ ಮೂಗು, ವಾಸನೆ ಹಿಡಿದೇ ದಾರಿ ಕಂಡುಕೊಂಡಿತು. ಆಂಟಿ ಕೌಂಟರಿನಲ್ಲಿ ಫೋನ್ ನಿಲ್ಲಿಸಿ ತಮ್ಮೂರಿನ ಲೋಕಲ್ ನ್ಯೂಸ್ ಹಾಕಿರುತ್ತಿದ್ದರು. ಥೈಲ್ಯಾಂಡಿನ ಗದ್ದೆ ಬಯಲಿನ ಸಣ್ಣ ಪಟ್ಟಣ ಅದು. ಯಾರ ಎಮ್ಮೆ ಕಳುವಾಯಿತು, ಯಾರ ನೂಡಲ್ ಅಂಗಡಿ ಮುಚ್ಚಿತು, ಎಲ್ಲವೂ ನನಗೆ ವರದಿಯಾಗುತ್ತಿತ್ತು. ಮೇಣದ ಮೆರವಣಿಗೆಯ ಹಬ್ಬವನ್ನು ಟೂರಿಸ್ಟರಿಗಾಗಿ ಶನಿವಾರಕ್ಕೆ ತಳ್ಳಿದ ಸುದ್ದಿ ಬಂದ ದಿನವಂತೂ ಅವರ ಕೋಪ ನೆತ್ತಿಗೇರಿತ್ತು.

"ಹೋಟೆಲಿನವ್ರು ಕೇಳಿದ್ರು ಅಂತ ಹಬ್ಬದ ದಿನಾನೇ ಬದಲಾಯಿಸೋದಾ?" ಎಂದು ತಮ್ಮ ಹರುಕು ಇಂಗ್ಲಿಷಿನಲ್ಲಿ ನನ್ನನ್ನೇ ಗದರಿದರು.

ಅಂಗಡಿಯ ಮುಂದೆ, ಕಾರ್ ಪಾರ್ಕಿನ ಅಂಚಿನಲ್ಲಿ, ಕಂಬದ ಮೇಲೊಂದು ಪುಟ್ಟ ಮನೆ ಇತ್ತು. ಆ ನೆಲ ಕಾಯುವ ಶಕ್ತಿಗೆಂದು ಅವರೂರಿನ ಅಂಗಡಿಯವರು ಕಟ್ಟಿಸುವ ಮನೆಯಂತೆ. ದಿನಾ ಬೆಳಿಗ್ಗೆ ಅದರ ಮುಂದೆ ಕೆಂಪು ಸೋಡಾ ತೆರೆದು, ಸ್ಟ್ರಾ ಹಾಕಿ ಇಡುತ್ತಿದ್ದರು. ಅಂಗಡಿಯ ನೆರಳು ಮಾತ್ರ ಅದರ ಮೇಲೆ ಬೀಳಕೂಡದು. ಸಂಜೆಯ ನೆರಳು ಅಲ್ಲಿಗೂ ಚಾಚುತ್ತದೆ ಎಂಬುದೊಂದೇ ಅವರ ಕೊರಗು. ನಾನು ಇಗರ್ಜಿಗೆ ಹೋಗುವವಳು, ಆದರೆ ಭೂತದ ಗುಡಿಯ ನೆರೆಯಲ್ಲೇ ಬೆಳೆದವಳು. ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಕಾಂಪ್ಲೆಕ್ಸಿನ ಮ್ಯಾನೇಜರನಿಗೆ ಕಂಡಿತು. ಕಾರ್ ಪಾರ್ಕಿನಲ್ಲಿ ಏನನ್ನೂ ನೆಟ್ಟು ನಿಲ್ಲಿಸುವಂತಿಲ್ಲ ಎಂದ. ಆಂಟಿ ವಾದಕ್ಕಿಳಿಯಲಿಲ್ಲ. ಕಂಬ ಕಿತ್ತು, ಮನೆಯನ್ನು ಸಾಮಾನಿನ ಟ್ರಾಲಿಯ ಮೇಲೆ ಕೂರಿಸಿಬಿಟ್ಟರು. ನೆರಳು ಬಂದಂತೆಲ್ಲ ಟ್ರಾಲಿ ಮುಂದೆ ಸರಿಯಿತು. ಮೂಲೆಯಲ್ಲಿ ತೆಪ್ಪಗಿದ್ದ ಮನೆ ಈಗ ಕಾರುಗಳ ನಡುವೆ ಸವಾರಿ ಹೊರಟಿತು, ಆಂಟಿಯ ಹಳೆಯ ಕೊರಗೂ ತೀರಿತು. ಮ್ಯಾನೇಜರನ ಮುಖ ನೋಡಿ ನನಗಂತೂ ಹಾಲು ಕುಡಿದಷ್ಟು ಸಂತೋಷ.

ಲೀಸ್ ಮುಗಿಯುವ ಹೊತ್ತಿಗೆ ಅವನು ಪಟ್ಟು ಹಿಡಿದ. ಟ್ರಾಲಿ ತೆಗೆದರೆ ಮಾತ್ರ ಅಂಗಡಿ ಉಳಿಯುತ್ತದೆ ಎಂದ. ನನಗೆ ಭಯವಾಯಿತು.

"ಆಂಟಿ, ಅದನ್ನ ಮನೆಗೆ ತಗೊಂಡ್ಹೋಗಿ. ಇಷ್ಟು ವರ್ಷದ ಬಿಸಿನೆಸ್ ಹೋಗ್ಬಿಡುತ್ತೆ," ಎಂದೆ.

ಅವರು ನನ್ನ ಒಣಮೀನು ಕಟ್ಟುತ್ತಲೇ ಹೇಳಿದರು, "ನಮ್ಮೂರಲ್ಲಿ ಎಲ್ರೂ ಹೂಂ ಅಂದ್ರು, ಹಬ್ಬ ಶನಿವಾರ ಆಯ್ತು. ನಾನು ಹೂಂ ಅನ್ನಲ್ಲ."

ಅನ್ನಲಿಲ್ಲ. ಅಂಗಡಿ ಹೋಯಿತು. ಕೊನೆಯ ದಿನವೂ ಬಾಟಲಿ ಇಟ್ಟು, ಸಂಜೆಯವರೆಗೆ ಟ್ರಾಲಿ ಸರಿಸಿ, ಆಮೇಲೆ ಆ ಮನೆಯನ್ನು ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದರು. ಪರ್ತ್‌ನಲ್ಲಿದ್ದ ಮಗಳ ಮನೆ ಸೇರಿ, ಹೆಚ್ಚು ಕಾಲ ಬಾಳಲಿಲ್ಲ... ತೀರಿಕೊಂಡ ಸುದ್ದಿ ಮಗಳ ಮೆಸೇಜಿನಲ್ಲಿ ಬಂತು. ಅಡುಗೆಮನೆಯಲ್ಲಿ ನಿಂತು ಅತ್ತೆ. ಅಂಥ ಹಟದ ಹೆಂಗಸನ್ನು ಆಮೇಲೆ ನಾನು ಕಂಡಿಲ್ಲ.

ಸರ್ವೋದಿಂದ ನೇರ ಆ ಕಾರ್ ಪಾರ್ಕಿಗೆ ಹೋದೆ. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ. ಹಳೆಯ ಜಾಗದಲ್ಲಿ ಬಾಟಲಿ ತೆರೆದಿಟ್ಟು ಸ್ಟ್ರಾ ಹಾಕಿದೆ. ಜೊತೆಗಿದ್ದ ನನ್ನ ಮಗಳು ಇಲ್ಲೇ ಹುಟ್ಟಿದವಳು. ಅವಳು ಮೇಲೆ ನೋಡಿ, "ಮಮ್ಮಿ, ದೇರ್ಸ್ ಎ ಕ್ಯಾಮೆರಾ," ಎಂದಳು.

ಗೋಡೆಯ ನೆರಳು ಬಾಟಲಿಯ ಹತ್ತಿರ ಬಂದಿತ್ತು.

"ಇರ್ಲಿ, ನೋಡ್ಲಿ," ಎಂದು ಅದನ್ನು ಬಿಸಿಲಿಗೆ ಸರಿಸಿದೆ.