ನೀಲತ್ತಿ ಹೊಲಿದ ಹೆಗಲಿಲ್ಲದ ಗೌನು

ಒದ್ದೆ ಮಾದರಪಾಟಿನ ದಪ್ಪ ಬಟ್ಟೆಯ ಮೇಲೆ ಕಾದ ಇಸ್ತ್ರಿ ಇಟ್ಟಾಗ ಒಂದು ವಾಸನೆ ಏಳುತ್ತದೆ. ಮೊದಲು ಗಂಜಿ ಕುದ್ದಂತೆ, ಅದರ ಬೆನ್ನಿಗೇ ತುಸು ಸೀದಂತೆ. ಕಳೆದ ತಿಂಗಳು ವಿದ್ಯಾನಗರದ ನಮ್ಮ ಮನೆಯಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಇಸ್ತ್ರಿಯನ್ನು ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಮಗಳಿಗೊಂದು ಗೌನು ಹೊಲಿಯುತ್ತಿದ್ದೆ. ಅವಳ ಕಾಲೇಜಿನ ಬೀಳ್ಕೊಡುಗೆಗೆ ಹಳೆಯ ಕಾಲದ ನಮೂನೆಯದೇ ಬೇಕಂತೆ: ತೋಳಿಲ್ಲ, ಹೆಗಲ ಮೇಲೆ ಪಟ್ಟಿಯೂ ಇಲ್ಲ, ಎದೆಯಿಂದ ಸೊಂಟದವರೆಗೆ ಬಿಗಿಯಾಗಿ ಕೂತು ಅಲ್ಲಿಂದ ಕೆಳಗೆ ಘೇರಾಗಿ ಹರಡುವಂಥದ್ದು. ಮೊಬೈಲಿನಲ್ಲಿ ಚಿತ್ರ ತೋರಿಸಿ, "ಅಂಗಡ್ಯಾಗ ಇಂಥಾದ್ದು ಸಿಗಂಗಿಲ್ಲ ಮಮ್ಮಿ, ನೀ ಹೊಲೀತಿಯೇನ?" ಎಂದಿದ್ದಳು. ನಾನು ಚಿತ್ರವನ್ನು ಎರಡನೇ ಸಲ ನೋಡಲಿಲ್ಲ. ಒಳಪದರದ ಅಸ್ತರಿಗೆ ಮಾದರಪಾಟು ನೆನೆಹಾಕಿದೆ, ಒಳಗೆ ಕಡ್ಡಿ ಕೂಡಿಸುವ ಜಾಗಕ್ಕೆ ಗೆರೆ ಎಳೆದೆ. ಅವಳಿಗೆ ಆಶ್ಚರ್ಯ. "ಇದನ್ನೆಲ್ಲ ಯಾರ ಕಲಿಸಿದ್ರ ನಿನಗ?" "ನಮ್ಮತ್ತಿ" ಅಂದೆ. ಮುಂದೆ ಹೇಳಲಾಗಲಿಲ್ಲ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ನಿಮ್ಮ ಮುಂದೆ ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತಿ ಇದ್ದಿರಬಹುದು. ನೀವೂ ಅವರನ್ನು ನೆಟ್ಟಗೆ ನೋಡದೇ ದೊಡ್ಡವರಾಗಿರಬಹುದು.

ಹಳೇ ಹುಬ್ಬಳ್ಳಿಯಲ್ಲಿ, ಎದುರುಬದುರು ಎರಡು ಸೈಕಲ್ಲು ಬಂದರೆ ಒಂದು ಇಳಿದು ನಿಲ್ಲಬೇಕಾದಂಥ ಓಣಿಯಲ್ಲಿ ನಮ್ಮ ಮನೆ. ಅಪ್ಪ ಅರಳಿ ಪೇಟೆಯಲ್ಲಿ ಹತ್ತಿಯ ದಲಾಲಿ ಮಾಡುತ್ತಿದ್ದ. ಸಂಜೆ ಬರುವಾಗ ಅವನ ಟೊಪ್ಪಿಗೆ ಮೇಲೆ, ಹುಬ್ಬಿನ ಮೇಲೆ ಅರಳಿಯ ಎಳೆ ಕೂತಿರುತ್ತಿದ್ದವು. ಅವ್ವ ಮಾತು ಕಡಿಮೆಯವಳು. ನೀಲತ್ತಿ ಅಪ್ಪನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ಮನೆಗೆ ತಂದನೆಂದು ತಿರುಗಿ ಬಂದವಳು, ಒಂದು ಟ್ರಂಕು ಮತ್ತು ಕಾಲಿನಿಂದ ತುಳಿಯುವ ಹೊಲಿಗೆ ಮಷೀನಿನ ಸಮೇತ. ಬೀದಿ ಕಡೆಯ ಸಣ್ಣ ಖೋಲಿಯಲ್ಲಿ ಅವಳು, ಅವಳ ಮಷೀನು, ಗೋಡೆಗೆ ಒಂದು ಉದ್ದನೆಯ ಕನ್ನಡಿ. ಓಣಿಯ ಹೆಂಗಸರ ಜಂಪರು, ಹುಡುಗಿಯರ ಲಂಗ, ಸಾಲಿಯ ಸ್ಕರ್ಟು ಎಲ್ಲ ಅಲ್ಲೇ ಆಗುತ್ತಿದ್ದವು. ಸಾಲಿ ಬಿಟ್ಟ ಕೂಡಲೇ ನಾನು ಅವಳ ಕಾಲ ಬಳಿ ಕೂತು ಚಿಂದಿ ಆರಿಸುತ್ತಿದ್ದೆ. ಮಷೀನು ಓಡುವಾಗ ಅವಳ ಬಾಯಲ್ಲಿ ಎರಡು ಮೂರು ಟಾಚಣಿ ಪಿನ್ನು ಸಿಕ್ಕಿಸಿರುತ್ತಿದ್ದವು, ಹೀಗಾಗಿ ಅವಳ ಉತ್ತರವೆಲ್ಲ ಹುಬ್ಬಿನಲ್ಲೇ. ಆಕೆಯ ಹುಬ್ಬು ನೋಡಿ ಹೌದೋ ಅಲ್ಲವೋ ಹೇಳುವುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತಿದ್ದೆ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಗ್ರೇಸ್ ಮಿಸ್ ನಮ್ಮ ಮನೆಗೆ ಬಂದರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಸಣ್ಣ ಮಕ್ಕಳ ಸಾಲಿಯಲ್ಲಿ ಕಲಿಸುವವರು, ಮೊಣಕಾಲಿನತನಕ ಫ್ರಾಕು ಹಾಕಿಕೊಂಡು ನಮ್ಮೆಲ್ಲರ ಹಾಗೇ ಹುಬ್ಬಳ್ಳಿ ಮಾತಾಡುವವರು. ಅವರ ಜಂಬದ ಚೀಲದಲ್ಲಿ ಒಂದು ಹಳೆಯ ಫೋಟೊ ಇತ್ತು. "ಇದು ನಮ್ಮ ಮಮ್ಮಿ ರೀ ಅಕ್ಕಾರ. ಡ್ಯಾನ್ಸಿಗೆ ಹೋದಾಗ ತಗದದ್ದು. ಈಗ ಮಮ್ಮಿ ಇಲ್ಲ. ನನ್ನ ಮದುವಿ ಪಾರ್ಟಿಗೆ ನನಗ ಇದ ಗೌನ ಬೇಕ್ರಿ. ಪ್ಯಾಟ್ಯಾಗ ಮೂರು ಮಂದಿ ಟೇಲರ್‌ಗಳು ನಕ್ಕು ಕಳಿಸಿದ್ರು." ಅತ್ತಿ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಂತರ ಬಾಯಿಂದ ಟಾಚಣಿ ತೆಗೆದು, "ಹೆಗಲ ಮ್ಯಾಲ ಏನೂ ಇಲ್ಲಂದ್ರ ಇದು ನಿಲ್ಲೂದು ಯಾತರ ಮ್ಯಾಲ?" ಎಂದು ಕೇಳಿದಳು. ಗ್ರೇಸ್ ಮಿಸ್‌ಗೂ ಗೊತ್ತಿರಲಿಲ್ಲ. "ಇಟ್ಟು ಹೋಗ್ರಿ. ನೋಡತೇನಿ" ಅಂದಳು ಅತ್ತಿ.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ಬೇರೆ ಗಾಳಿ ಬೀಸಿತು. ಅತ್ತಿ ರೊಟ್ಟಿ ತಟ್ಟುತ್ತ ಒಮ್ಮೆಲೇ ನಿಂತುಬಿಡುತ್ತಿದ್ದಳು, ಹಿಟ್ಟಿನ ಕೈಯಿಂದಲೇ ಗಾಳಿಯಲ್ಲಿ ಏನೋ ಗೆರೆ ಎಳೆಯುತ್ತಿದ್ದಳು. ಹಳೆಯ ಧೋತರ ಕತ್ತರಿಸಿ ಮೊದಲ ನಮೂನೆ ಹೊಲಿದಳು, ಜಾರಿತು. ಎರಡನೆಯದೂ ಜಾರಿತು. ಮೂರನೆಯದನ್ನು ಹೊಲಿಯುವಾಗ ಅವಳಿಗೆ ಹೊಳೆಯಿತು, ಈ ಅರಿವೆ ಎದೆಯ ಮೇಲೆ ನಿಲ್ಲುವುದಿಲ್ಲ, ನಿಲ್ಲಬೇಕಾದ್ದು ಸೊಂಟದ ಮೇಲೆ. ಒಳಗೆ ಸೊಂಟಕ್ಕೊಂದು ಬಿಗಿಯಾದ ಪಟ್ಟಿ ಕೂಡಿಸಿದಳು. ಆ ಪಟ್ಟಿಯಿಂದ ಮೇಲಕ್ಕೆ ನೆಟ್ಟಗೆ ನಿಲ್ಲುವ ಕಡ್ಡಿ ಬೇಕಿತ್ತು. ಅಟ್ಟದ ಮೇಲಿದ್ದ ಅಜ್ಜನ ಮುರಿದ ಛತ್ರಿಯನ್ನು ಇಳಿಸಿ, ಓಣಿಯ ಬಾಯಲ್ಲಿ ಸೈಕಲ್ ರಿಪೇರಿ ಮಾಡುವ ಬಾಬುಸಾಬ್ ಕಾಕಾನ ಹತ್ತಿರ ನನ್ನನ್ನು ಕಳಿಸಿದಳು. ಕಾಕಾ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ತುದಿ ಚುಚ್ಚದಂತೆ ಅರದಿಂದ ಉಜ್ಜಿ, "ನಿಮ್ಮತ್ತಿ ಅರಿವಿ ಹೊಲೀತಾಳೋ ಪಂಜರಾ ಕಟ್ಟತಾಳೋ?" ಎಂದು ನಗುತ್ತ ಕೊಟ್ಟ. ಪ್ರತಿ ತುದಿಗೂ ಅತ್ತಿ ಹತ್ತಿ ಸುತ್ತಿ, ಒದ್ದೆ ಮಾದರಪಾಟಿನ ಪಟ್ಟಿಯೊಳಗೆ ಕೂಡಿಸಿ, ಇದ್ದಲಿಯ ಇಸ್ತ್ರಿಯಿಂದ ಒತ್ತಿದಳು. ಮೇಲಿನ ಬಟ್ಟೆ ಎಳೆ ಹಸಿರು ಸ್ಯಾಟಿನ್ನು. ಅದು ಕತ್ತರಿಯ ಕೆಳಗೆ ನೀರಿನಂತೆ ಸರಿಯುತ್ತಿತ್ತು.

ಗ್ರೇಸ್ ಮಿಸ್‌ಗೆ ಸಾಲಿ ಬಿಟ್ಟು ಬರಲು ಆಗುತ್ತಿರಲಿಲ್ಲ. ಅಳತೆ ನೋಡಿದರೆ ಅವರದೂ ಅತ್ತಿಯದೂ ಒಂದೇ. ಹೀಗಾಗಿ ಒಂದು ಮಧ್ಯಾಹ್ನ, ಅವ್ವ ಒಳಗೆ ಮಲಗಿದ್ದಾಗ, ಅತ್ತಿ ಖೋಲಿಯ ಚಿಲಕ ಹಾಕಿ ತಾನೇ ಆ ಗೌನು ತೊಟ್ಟಳು. ಬೆನ್ನಿನ ಹುಕ್ಕುಗಳನ್ನು ನಾನು ಕೆಳಗಿನಿಂದ ಒಂದೊಂದಾಗಿ ಹಾಕಿದೆ. ಅವಳ ಹೆಗಲನ್ನು ನಾನು ನೋಡಿದ್ದು ಅದೇ ಮೊದಲು. ಮೊಣಕೈಯತನಕ ಬಿಸಿಲು ಬಿದ್ದು ಕಪ್ಪಾಗಿದ್ದ ಕೈ, ಅಲ್ಲಿಂದ ಮೇಲೆ ಗೋದಿ ಬಣ್ಣ. ಅವಳು ಎರಡೂ ಕೈ ಮೇಲೆತ್ತಿದಳು, ಬಗ್ಗಿದಳು, ಕೊನೆಗೆ ಸಣ್ಣ ಹುಡುಗಿಯ ಹಾಗೆ ಮೂರು ಸಲ ಜಿಗಿದಳು. ಗೌನು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. "ನಿಂತೈತಿ ನೋಡ ಗಂಗೂ!" ಎಂದು ನನ್ನ ಕೈ ಹಿಡಿದು ಗಿರಕಿ ಹೊಡೆಸಿದಳು. ಘೇರು ಮಷೀನಿಗೆ ತಾಗಿ ರೀಲು ಉರುಳಿ ಬಿತ್ತು. ಆಮೇಲೆ ಅವಳು ಕನ್ನಡಿಯ ಮುಂದೆ ಸುಮ್ಮನೆ ನಿಂತಳು. "ನಾ ಎತ್ತರ ಕಾಣತೇನಿ, ಹೌದಿಲ್ಲ?" ಎಂದಳು. ಇನ್ನೂ ಎರಡು ಮಧ್ಯಾಹ್ನ ನಾನು ಹುಕ್ಕು ಹಾಕಿದೆ. ಆಗ ಅವಳು ಜಿಗಿಯಲಿಲ್ಲ, ನಿಂತು ನೋಡಿಕೊಂಡಳು ಅಷ್ಟೇ. "ಯಾರ ಮುಂದೂ ಹೇಳಬ್ಯಾಡವಾ" ಅಂದಳು. ನಾನು ತಲೆಯಾಡಿಸಿದೆ.

ಹೇಳಿದೆ. ಸಾಲಿಯಲ್ಲಿ ಒಬ್ಬ ಹುಡುಗಿ ತನ್ನ ಚಿಕ್ಕವ್ವ ತಂದ ಫಾರಿನ್ ಪೆನ್ಸಿಲ್ ತೋರಿಸಿ ಎಲ್ಲರ ನಡುವೆ ಮೆರೆಯುತ್ತಿದ್ದಳು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. "ನಮ್ಮತ್ತಿ ಹೆಗಲಿಲ್ಲದ ಗೌನ ಹಾಕ್ಕೊಂಡು ಕನ್ನಡಿ ಮುಂದ ನಿಂತಿದ್ಲು, ಸಿನೆಮಾದಾಕಿ ಕಂಡಂಗ ಕಂಡ್ಲು" ಅಂದೆ. ಹುಡುಗಿಯರು ಬಾಯಿ ತೆರೆದು ಕೇಳಿದರು. ಆ ಗಳಿಗೆಯ ಸಂತೋಷ ನನಗೆ ಇನ್ನೂ ನೆನಪಿದೆ, ಅದೇ ಹೆಚ್ಚು ನೋಯುತ್ತದೆ. ಮಾತು ಅವರ ಮನೆಗೆ ಹೋಯಿತು, ಅಲ್ಲಿಂದ ನೀರಿನ ನಲ್ಲಿಗೆ. ಪೇಟೆಯಲ್ಲಿ ಯಾರೋ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳುವಷ್ಟರಲ್ಲಿ, ಜನರ ಬಾಯಲ್ಲಿ, ಅತ್ತಿ ಕಿಟಕಿ ತೆರೆದು ಬೀದಿಗೆ ಮುಖ ಮಾಡಿ ಬರಿಮೈಯಲ್ಲಿ ನಿಂತಿದ್ದಳು.

ಅಪ್ಪ ಒದರಾಡುವವನಲ್ಲ. ಅಂದು ಸಂಜೆ ಊಟಕ್ಕೆ ಕೂತು, ತಾಟು ಮುಟ್ಟದೆ, ನನ್ನನ್ನು ಕರೆದ. "ಗಂಗವ್ವಾ, ನೀ ಆ ಖೋಲ್ಯಾಗ ಇರತಿ. ಏನ ನಡದೈತಿ ಹೇಳು." ಅತ್ತಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಳತೆ ನೋಡಲು ತೊಟ್ಟಿದ್ದಳು, ಚಿಲಕ ಹಾಕಿತ್ತು, ಕಿಟಕಿ ಮುಚ್ಚಿತ್ತು, ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅದನ್ನು ಹೇಳಿದರೆ ಓಣಿಗೆ ಸುದ್ದಿ ಕೊಟ್ಟವಳು ನಾನೇ ಎಂದು ತಿಳಿಯುತ್ತಿತ್ತು. "ನನಗೇನ ಗೊತ್ತಿಲ್ಲಪ್ಪಾ" ಅಂದೆ. ಅಪ್ಪ ತಂಗಿಯ ಕಡೆ ನೋಡಿದ. ಅವಳು ತಂಬಿಗೆಯನ್ನು ಅವನ ತಾಟಿನ ಪಕ್ಕ ಇಟ್ಟು ಹಿಂದೆ ಸರಿದಳು. "ನಾಳಿಂದ ಈ ಮನ್ಯಾಗ ಹೊರಗಿನವರ ಹೊಲಿಗಿ ಬ್ಯಾಡ" ಎಂದು ಅಪ್ಪ ರೊಟ್ಟಿ ಮುರಿದ.

ಗೌನಿನ ಕೆಳಗಿನ ಅಂಚು ಮಡಚುವುದೊಂದು ಬಾಕಿ ಇತ್ತು. ಮರುದಿನ ಅತ್ತಿ ಮಷೀನು ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಬೇಳೆ ಬೇಯುವವರೆಗೆ ಕೂತು, ಆರೇಳು ಮೊಳದ ಅಂಚನ್ನು ಸೂಜಿಯಿಂದ ಕೈಹೊಲಿಗೆ ಹಾಕಿ ಮುಗಿಸಿದಳು. ಅವ್ವ ಪಕ್ಕದಲ್ಲೇ ಕಾಯಿಪಲ್ಲೆ ಹೆಚ್ಚುತ್ತಿದ್ದಳು, ನೋಡಿಯೂ ನೋಡದವಳ ಹಾಗೆ. ರವಿವಾರ ಗ್ರೇಸ್ ಮಿಸ್ ಬಂದಾಗ ಅವ್ವನೇ ಕಟ್ಟೆಯ ಮೇಲೆ ಚೀಲ ಕೊಟ್ಟಳು. "ಅಕ್ಕಾರು ಎಲ್ಲಿ ಅದಾರ್ರಿ? ಒಂದ ಸಲ ಹಾಕ್ಕೊಂಡು ತೋರಸ್ತಿದ್ನಿ" ಅಂದರು ಮಿಸ್. "ಅವರಿಗೆ ಆರಾಮ ಇಲ್ರಿ" ಅಂದಳು ಅವ್ವ. ಅತ್ತಿ ಬಾಗಿಲ ಹಿಂದೆಯೇ ಇದ್ದಳು. ಅವಳ ಬಳೆ ಸಪ್ಪಳ ನನಗೆ ಕೇಳಿಸಿತು. ಯುಗಾದಿ ಮುಗಿದ ಮೇಲೆ ಗದಗಿನಲ್ಲಿದ್ದ ದೊಡ್ಡಪ್ಪ ತನ್ನ ಮಗಳ ಬಾಣಂತನಕ್ಕೆ ಜನ ಬೇಕೆಂದು ಹೇಳಿಕಳಿಸಿದ. ಅತ್ತಿ ಟ್ರಂಕು ಹಿಡಿದು ಹೋದಳು. ಬಾಣಂತನ ಮುಗಿಯಿತು, ಇನ್ನೊಂದು ಬಂತು, ಆಮೇಲೆ ದೊಡ್ಡವ್ವ ಹಾಸಿಗೆ ಹಿಡಿದಳು. ಅತ್ತಿ ತಿರುಗಿ ಬರಲಿಲ್ಲ. ಅವಳ ಮಷೀನಿನ ಮೇಲೆ ಅವ್ವ ಹಿಟ್ಟಿನ ಡಬ್ಬಿಗಳನ್ನು ಇಟ್ಟಳು. ಅಪ್ಪ ಹೋದ, ಅವ್ವ ಹೋದಳು, ಓಣಿ ಅಗಲ ಮಾಡುವಾಗ ಬೀದಿ ಕಡೆಯ ಆ ಖೋಲಿಯೇ ಮೊದಲು ಬಿತ್ತು. ಈಗ ಅಲ್ಲಿ ಸಾಲಾಗಿ ಮೋಟರ್ ಸೈಕಲ್ಲು ನಿಲ್ಲಿಸುತ್ತಾರೆ.

ನಾನು ಅವಳ ಮುಂದೆ ತಪ್ಪು ಒಪ್ಪಿಕೊಂಡದ್ದು ಮೂವತ್ತು ವರ್ಷದ ಮೇಲೆ. ಗದಗಿಗೆ ಒಂದು ಮದುವೆಗೆ ಹೋದವಳು ದೊಡ್ಡಪ್ಪನ ಮನೆಗೆ ಹೋದೆ. ಅತ್ತಿ ಹಿತ್ತಲಲ್ಲಿ ಮೊರದ ತುಂಬ ಜೋಳ ಹಸನು ಮಾಡುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು, ಬೆರಳು ಗಂಟುಗಂಟಾಗಿದ್ದವು. ಅವಳ ಮುಂದೆ ಕೂತು ಎಲ್ಲ ಹೇಳಿ ಅತ್ತುಬಿಟ್ಟೆ. ಅವಳು ಮೊರ ಕೆಳಗಿಟ್ಟಳು.

"ಗೊತ್ತಿತ್ತವಾ. ಆ ಖೋಲ್ಯಾಗ ಇದ್ದವರು ನಾವಿಬ್ಬರ. ನಾ ಹೇಳಿದ್ದಿಲ್ಲ, ಇನ್ಯಾರು?"

"ಸಿಟ್ಟ ಬರಲಿಲ್ಲೇನತ್ತಿ?"

"ಬಂದಿತ್ತು. ಹತ್ತ ವರ್ಷದ ಹುಡಿಗಿ ಮ್ಯಾಲ ಎಷ್ಟ ದಿನಾ ಇಟಗೋಬೇಕು? ನನಗ ಮೂವತ್ತ ದಾಟಿತ್ತು, ನನಗೂ ಬಾಯಿ ಇತ್ತು. ಅಣ್ಣಾ, ಅಳತಿ ನೋಡಾಕ ಹಾಕ್ಕೊಂಡಿದ್ನಿ ಅಂತ ನಾನ ಹೇಳಬೇಕಾಗಿತ್ತು." ಸಣ್ಣಗೆ ನಕ್ಕಳು. "ಆದರ ಅದು ಪೂರ್ತಿ ಖರೇ ಇರಲಿಲ್ಲ ನೋಡು. ಅಳತಿ ಒಂದ ಸಲಕ್ಕ ಗೊತ್ತಾಗಿತ್ತು. ಉಳದ ಎರಡ ಸಲ ನಾ ನನಗಂತನ ಹಾಕ್ಕೊಂಡಿದ್ನಿ. ಅದಕ್ಕ ಬಾಯಿ ಬರಲಿಲ್ಲ. ಅದರಾಗೇನ ತಪ್ಪಿತ್ತು ಅಂತ ಈಗ ಅನಸ್ತೈತಿ."

ನನ್ನ ಎದೆಯ ಭಾರ ಇಳಿಯಿತು. ಚಹಾ ಕುಡಿದು ನಾಲ್ಕೂವರೆಯ ಬಸ್ಸಿಗೆ ಎದ್ದೆ. ಅತ್ತಿ ಗೋಡೆ ಹಿಡಿದುಕೊಂಡು ಹೊಸ್ತಿಲತನಕ ಬಂದಳು. "ನಿಮ್ಮ ಮನಿ ದೊಡ್ಡದೈತಂತಲ್ಲ?" ಎಂದು ಕೇಳಿದಳು. "ಹೂಂ ಅತ್ತಿ, ಮಹಡಿ ಮ್ಯಾಲ ಒಂದ ಖೋಲಿ ಖಾಲಿನ ಐತಿ, ನನ್ನ ಮಷೀನು ಒಂದ ಅಲ್ಲಿ ಇಟ್ಟೇನಿ" ಅಂದೆ. "ಛಲೋ ಆತು" ಅಂದಳು. ಹಾಗಂದವಳು ಒಳಗೆ ಹೋಗದೆ, ನನ್ನ ಮುಖದ ಕಡೆಗೆ ಆ ಮಸುಕು ಕಣ್ಣು ತಿರುಗಿಸಿ ನಿಂತೇ ಇದ್ದಳು. ಬಸ್ಸು ತಪ್ಪುತ್ತದೆಂದು ನಾನು ಲಗುಲಗು ನಡೆದೆ. ಅವಳು ಕೇಳಿದ್ದೇನೆಂದು ನನಗೆ ತಿಳಿದದ್ದು ಬಸ್ಸು ಅಣ್ಣಿಗೇರಿ ದಾಟಿದ ಮೇಲೆ. ಮಗಳ ಪರೀಕ್ಷೆ ಮುಗಿಯಲಿ, ಹೋಗಿ ಕರೆದುಕೊಂಡು ಬಂದರಾಯಿತು ಅಂದುಕೊಂಡೆ. ಪರೀಕ್ಷೆ ಮುಗಿಯಿತು. ಆಮೇಲೆ ಗೋಡೆಗೆ ಬಣ್ಣ ಹಚ್ಚುವುದಿತ್ತು, ಆಮೇಲೆ ಇನ್ನೇನೋ ಇತ್ತು. ಎರಡು ವರ್ಷ ಹೋದವು. ಶ್ರಾವಣದ ಒಂದು ಬೆಳಿಗ್ಗೆ ಅತ್ತಿ ತೀರಿಕೊಂಡಳೆಂದು ಗದಗಿನಿಂದ ಫೋನು ಬಂದಾಗ ಮಹಡಿಯ ಮೇಲಿನ ಖೋಲಿ ಖಾಲಿಯೇ ಇತ್ತು.